ಚಲನೆ ಮೊದಲು, ಕ್ಲಿಕ್ ಆಮೇಲೆ: ನಾಲ್ಕು ವರ್ಷದ ಮಗುವೊಂದು ಮೌಸ್ ಕಲಿತ ಪ್ರಕರಣ

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ತವರುಮನೆಯಲ್ಲಿ, ನಾಲ್ಕು ವರ್ಷ ತುಂಬಿ ಕೆಲವೇ ತಿಂಗಳಾಗಿದ್ದ ಅಣ್ಣನ ಮಗಳಿಗೆ ಕಂಪ್ಯೂಟರಿನ ಮೌಸ್ ಬಳಸುವುದನ್ನು ಸರಳ ಆಟಗಳ ಮೂಲಕ ಕಲಿಸಿದ ಪ್ರಕರಣವನ್ನು ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ. ಶಿವಮೊಗ್ಗದಲ್ಲಿ ಪೂರ್ವ ಪ್ರಾಥಮಿಕ ತರಗತಿಯ ಶಿಕ್ಷಕಿಯಾಗಿರುವ ನಾನು ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಮಗುವಿನ ಜೊತೆ ಕೂರುತ್ತಿದ್ದೆ. ಉಳಿದ ದಿನಗಳಲ್ಲಿ ಅತ್ತಿಗೆ ಕೂರುತ್ತಿದ್ದರು ಮತ್ತು ಆ ದಿನ ಮಗು ಏನು ಮಾಡಿತು, ಎಲ್ಲಿ ತಡವರಿಸಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮಳೆಗಾಲದ ಆರಂಭದಿಂದ, ರೈತರು ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯವರೆಗಿನ ಆ ಟಿಪ್ಪಣಿಗಳೇ ಈ ಬರಹಕ್ಕೆ ಆಧಾರ. ಮಗುವನ್ನು ಮನೆಯಲ್ಲಿ ಕರೆಯುವಂತೆ ಇಲ್ಲಿಯೂ ಪುಟ್ಟಿ ಎಂದೇ ಕರೆದಿದ್ದೇನೆ.

ನಾಲ್ಕು ವರ್ಷದ ಮಗುವಿಗೆ ಮೌಸ್ ಯಾಕೆ ಎಂಬ ಪ್ರಶ್ನೆ ಮನೆಯಲ್ಲಿಯೇ ಎದ್ದಿತ್ತು. ಅತ್ತಿಗೆ ಊರಿನವರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ, ಪಹಣಿ ತೆಗೆದುಕೊಡುವ ಕೆಲಸವನ್ನು ಮನೆಯಿಂದಲೇ ಮಾಡುವುದರಿಂದ ಪಡಸಾಲೆಯಲ್ಲಿ ಕಂಪ್ಯೂಟರು ಸದಾ ಇರುತ್ತದೆ, ಮತ್ತು ಅಮ್ಮನ ಕುರ್ಚಿಗೆ ಜೋತುಬಿದ್ದು "ನಂಗೂ ಕೊಡು" ಎಂದು ಪುಟ್ಟಿ ಹಟ ಹಿಡಿಯದ ದಿನವಿರಲಿಲ್ಲ. ಬೇಗ ಕಂಪ್ಯೂಟರು ಕಲಿತ ಮಕ್ಕಳು ಮುಂದೆ ಜಾಣರಾಗುತ್ತಾರೆ ಎಂಬ ನಂಬಿಕೆ ನನಗಿಲ್ಲ. ಆದರೆ ಮಗು ತಾನಾಗಿ ಕೈಚಾಚಿ ಕೇಳುತ್ತಿರುವ ಒಂದು ಕೌಶಲವನ್ನು ಅದರ ಕೈಗೆ ಹೊಂದುವಂತೆ ಕಲಿಸಬಹುದು, ಹಾಗೆ ಕಲಿಸಿದರೆ ಕೈ–ಕಣ್ಣುಗಳ ಹೊಂದಾಣಿಕೆಗೆ ಒಳ್ಳೆಯ ಅಭ್ಯಾಸವೂ ಆದೀತು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 1 ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಇನ್ನೂ ಕಡಿಮೆಯಾದಷ್ಟು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪುಟ್ಟಿ ಆಗಲೇ ಊಟದ ಹೊತ್ತಿಗೆ ಫೋನು ನೋಡುತ್ತಿದ್ದುದರಿಂದ, ಮೌಸಿಗೆ ಕೊಡುವ ಸಮಯವನ್ನು ಫೋನಿನ ಸಮಯದಿಂದಲೇ ಕಳೆಯಬೇಕು, ಒಮ್ಮೆಗೆ 10–15 ನಿಮಿಷ ಮೀರಬಾರದು, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು ಎಂದು ಅತ್ತಿಗೆಯೂ ನಾನೂ ಮೊದಲೇ ಮಾತಾಡಿಕೊಂಡೆವು.

ಏನನ್ನೂ ಹೇಳಿಕೊಡುವ ಮೊದಲು ಮೌಸನ್ನು ಮಗುವಿನ ಮುಂದಿಟ್ಟು ಸುಮ್ಮನೆ ನೋಡಿದೆವು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ತಿಳಿವಳಿಕೆ ಕೊಟ್ಟದ್ದು ಆ ಕೆಲವು ನಿಮಿಷಗಳೇ. ಪುಟ್ಟಿ ಮೊದಲು ಪರದೆಯ ಮೇಲಿನ ಚಿತ್ರವನ್ನು ಬೆರಳಿನಿಂದ ಒತ್ತಿದಳು. ಫೋನಿನಲ್ಲಿ ಆಗುವಂತೆ ಏನೂ ಆಗದಿದ್ದಾಗ ಇನ್ನೂ ಜೋರಾಗಿ ಒತ್ತಿದಳು. ಮೌಸನ್ನು ಅಲುಗಾಡಿಸಲು ಹೇಳಿದಾಗ ಅದನ್ನು ಮೇಜಿನಿಂದ ಎತ್ತಿ, ವೈರು ಎಳೆಯುವಷ್ಟು ಚಾಚಿ, ಪರದೆಯ ಮೇಲಿನ ಬಾಣಕ್ಕೇ ತಾಗಿಸಿ ಹಿಡಿದಳು. ಬಳಿಕ ಮಗುಚಿ ಹಾಕಿ ಹೊಟ್ಟೆಯಡಿಯ ಕೆಂಪು ಬೆಳಕನ್ನು ಬಹಳ ಹೊತ್ತು ನೋಡಿದಳು. ಆ ಬೆಳಕಿನ ಪಕ್ಕದಲ್ಲಿ ಒಂದು ಪುಟ್ಟ ಕಣ್ಣಿದೆ, ಅದು ಮೇಜನ್ನು ನೋಡುತ್ತಾ ಹೋಗುತ್ತದೆ ಎಂದು ಹೇಳಿದೆ. ಅದು ನಿಜವೂ ಹೌದು: ಬೆಳಕಿನ ಮೌಸಿನೊಳಗಿನ ಸಣ್ಣ ಕ್ಯಾಮರಾ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ಮೇಜಿನ ಮೇಲ್ಮೈಯ ಚಿತ್ರ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸದಿಂದ ತಾನೆಷ್ಟು ಸರಿದೆ ಎಂದು ಲೆಕ್ಕ ಹಾಕುತ್ತದೆ. "ಹಂಗಾರೆ ಎತ್ತಿದ್ರೆ ಅದಕ್ಕೆ ಕಾಣದಿಲ್ಲ" ಎಂದು ಪುಟ್ಟಿ ತಾನೇ ಹೇಳಿದ್ದು ಮುಂದೆ ತುಂಬ ಉಪಯೋಗಕ್ಕೆ ಬಂತು.

ಈ ವರ್ತನೆಗಳಲ್ಲಿ ಯಾವುದೂ ದಡ್ಡತನವಲ್ಲ. ಪೆನ್ಸಿಲ್ ಹಿಡಿದ ಮಗುವಿನ ಕಣ್ಣು ಗೆರೆ ಮೂಡುವಲ್ಲಿಯೇ ಇರುತ್ತದೆ, ಫೋನಿನಲ್ಲಿ ಬೆರಳು ಮುಟ್ಟಿದಲ್ಲಿಯೇ ಫಲ ಕಾಣುತ್ತದೆ. ಮೌಸಿನಲ್ಲಿ ಮಾತ್ರ ಕೈ ಮೇಜಿನ ಮೇಲೆ ಒಂದು ಕಡೆ, ಕಣ್ಣು ಪರದೆಯ ಮೇಲೆ ಇನ್ನೊಂದು ಕಡೆ ಇರಬೇಕಾಗುತ್ತದೆ, ಜೊತೆಗೆ ಕೈ ಮುಂದಕ್ಕೆ ಹೋದರೆ ಬಾಣ ಮೇಲಕ್ಕೆ ಹೋಗುತ್ತದೆ ಎಂಬುದನ್ನೂ ಮಗು ಒಪ್ಪಿಕೊಳ್ಳಬೇಕಾಗುತ್ತದೆ. ಇದು ಸಾಲದೆಂಬಂತೆ ಸರಿಸುವುದು ಮತ್ತು ಒತ್ತುವುದು ಎಂಬ ಎರಡು ಬೇರೆ ಕ್ರಿಯೆಗಳನ್ನು ಒಂದೇ ಕೈ ಮಾಡಬೇಕು, ಮತ್ತು ಒತ್ತುವ ಕ್ಷಣದಲ್ಲಿ ಸರಿಸುವುದನ್ನು ಪೂರ್ತಿ ನಿಲ್ಲಿಸಬೇಕು. ದೊಡ್ಡವರು "ಅಲ್ಲಿ ಕ್ಲಿಕ್ ಮಾಡು" ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಒಟ್ಟಿಗೆ ಕೇಳಿಬಿಡುತ್ತಾರೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಕ್ರಿಯೆಯನ್ನು ಕೇಳುವ ಆಟಗಳನ್ನು ಮಾತ್ರ ಕೊಡಬೇಕು, ಒಂದು ಕೈಗೆ ಕೂತ ಮೇಲಷ್ಟೇ ಮುಂದಿನದು ಎಂದು ನಿರ್ಧರಿಸಿದೆ. ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ತಂಡ 1964ರಲ್ಲಿ ಮಾಡಿದ ಮೊದಲ ಮೌಸು ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರವಿದ್ದ ಮರದ ಪೆಟ್ಟಿಗೆಯಾಗಿತ್ತು, ಅದಕ್ಕೆ ಇದ್ದದ್ದು ಒಂದೇ ಗುಂಡಿ. ಮಗುವಿಗೆ ಕಲಿಸುವಾಗ ಆ ಸರಳತೆಗೇ ಹಿಂತಿರುಗುವುದು ಲೇಸು ಎಂದು ನನಗನ್ನಿಸುತ್ತದೆ.

ಆಟಕ್ಕೆ ಮೊದಲು ಜಾಗವನ್ನು ಸರಿಪಡಿಸಬೇಕಾಯಿತು. ಅತ್ತಿಗೆಯ ಮೇಜಿನ ಮುಂದೆ ದಿಂಬು ಪೇರಿಸಿ ಕೂರಿಸಿದರೆ ಪುಟ್ಟಿಯ ಕಾಲು ನೇತಾಡುತ್ತಿತ್ತು, ಭುಜ ಕಿವಿಯವರೆಗೆ ಏರುತ್ತಿತ್ತು, ಮೊಣಕೈಗೆ ಆಧಾರವಿಲ್ಲದೆ ಇಡೀ ತೋಳು ಗಾಳಿಯಲ್ಲಿ ತೇಲುತ್ತಿತ್ತು. ತೋಳು ಹೀಗೆ ಭುಜದಿಂದ ತಿರುಗಿದಾಗ ಮೌಸು ಕಮಾನಿನಂತೆ ವಾಲುತ್ತಾ ಸಾಗುತ್ತದೆ, ಮೌಸು ಓರೆಯಾದೊಡನೆ ಬಾಣವೂ ಓರೆಯಾಗಿಯೇ ಓಡುತ್ತದೆ. ಮಗು ನೆಟ್ಟಗೆ ತಳ್ಳಿದರೂ ಬಾಣ ಮೂಲೆಗೆ ಹೋಗುವುದಕ್ಕೆ ಕಾರಣ ಇದೇ. ಪರದೆಯನ್ನು ಪಡಸಾಲೆಯ ಟೀಪಾಯಿಯ ಮೇಲಿಟ್ಟು, ಪುಟ್ಟಿಯನ್ನು ಅವಳ ಗಿಡ್ಡ ಕುರ್ಚಿಯಲ್ಲಿ, ಪಾದ ನೆಲಕ್ಕೂ ಮುಂಗೈ ಟೀಪಾಯಿಗೂ ಊರುವಂತೆ ಕೂರಿಸಿದ ಮೇಲೆ ಈ ತೊಂದರೆಯ ಬಹುಪಾಲು ತಾನಾಗಿಯೇ ಹೋಯಿತು. ಟೀಪಾಯಿಯ ಗಾಜಿನ ಮೇಲೆ ಮೌಸಿನ ಕಣ್ಣು ಸರಿಯಾಗಿ ಕೆಲಸ ಮಾಡದ ಕಾರಣ ಹಳೆಯ ಲೆಕ್ಕದ ಪುಸ್ತಕದ ರಟ್ಟನ್ನು ಅಂಟುಪಟ್ಟಿಯಿಂದ ಭದ್ರಪಡಿಸಿದೆವು. ಹಿಂದೆ ಜೋತುಬೀಳುವ ವೈರಿನ ಭಾರ ಮೌಸನ್ನು ಹಿಂದಕ್ಕೆ ಎಳೆಯದಿರಲೆಂದು ಅದಕ್ಕೂ ಒಂದು ತುಂಡು ಅಂಟುಪಟ್ಟಿ ಹಾಕಿದೆವು. ಅತ್ತಿಗೆಯ ದೊಡ್ಡ ಮೌಸಿನ ಬದಲು ಲ್ಯಾಪ್‌ಟಾಪಿನ ಜೊತೆ ಬಳಸುವ ಚಿಕ್ಕ ಮೌಸು ತಂದದ್ದು ಈ ಪ್ರಕರಣದಲ್ಲಿ ಮಾಡಿದ ಒಂದೇ ಖರ್ಚು, ಮತ್ತು ಅಗತ್ಯವಾದ ಖರ್ಚು. ಹೆಬ್ಬೆರಳು ಒಂದು ಬದಿಗೆ, ಉಂಗುರ ಬೆರಳು ಇನ್ನೊಂದು ಬದಿಗೆ ತಾಗದಷ್ಟು ಅಗಲವಾದ ಮೌಸನ್ನು ಮಗು ಅಂಗೈಯಿಂದ ಮುಚ್ಚಿಹಿಡಿಯುತ್ತದೆಯೇ ಹೊರತು ಬೆರಳಿನಿಂದ ಹಿಡಿಯಲಾರದು.

ಸೆಟ್ಟಿಂಗುಗಳಲ್ಲಿ ಬಾಣದ ಗಾತ್ರವನ್ನು ದೊಡ್ಡದು ಮಾಡಿ, ಅದರ ವೇಗವನ್ನು ತಗ್ಗಿಸಿ, ಕೈ ಜೋರಾಗಿ ಚಲಿಸಿದಾಗ ಬಾಣವನ್ನು ಇನ್ನೂ ದೂರ ಹಾರಿಸುವ ವೇಗವರ್ಧನೆಯನ್ನು ತೆಗೆದುಹಾಕಿದೆವು. ಅದು ಇದ್ದರೆ ಕೈ ಸರಿದ ಅಷ್ಟೇ ದೂರಕ್ಕೆ ಬಾಣ ಒಮ್ಮೆ ಒಂದಿಂಚು, ಒಮ್ಮೆ ನಾಲ್ಕಿಂಚು ಸರಿಯುತ್ತದೆ. ಕೈಗೂ ಬಾಣಕ್ಕೂ ಇರುವ ಸಂಬಂಧವನ್ನೇ ಹುಡುಕುತ್ತಿರುವ ಮಗುವಿಗೆ ಇಂಥ ಮಾತು ತಪ್ಪುವ ಬಾಣ ಬೇಡ. ಪರದೆಯ ರೆಸಲ್ಯೂಷನ್ ಇಳಿಸಿದ್ದರಿಂದ ಚಿತ್ರಗಳೂ ಗುಂಡಿಗಳೂ ದೊಡ್ಡದಾದವು. ಗುರಿ ದೊಡ್ಡದಾದಷ್ಟೂ ಹತ್ತಿರವಾದಷ್ಟೂ ಅದನ್ನು ಮುಟ್ಟಲು ಬೇಕಾಗುವ ಸಮಯ ಕಡಿಮೆ ಎಂಬುದನ್ನು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿಯೇ ಸೂತ್ರವಾಗಿ ಹೇಳಿದ್ದರು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹುವಾನ್ ಪಾಬ್ಲೋ ಹೂರ್ಕಾದೆ ಮತ್ತು ಸಂಗಡಿಗರು ನಾಲ್ಕೈದು ವರ್ಷದ ಮಕ್ಕಳ ಮೌಸ್ ಬಳಕೆಯನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ, ಮಕ್ಕಳು ಗುರಿಯ ಸಮೀಪದವರೆಗೆ ಬಂದು ಅಲ್ಲಿಯೇ ಹೆಚ್ಚು ತಡಕಾಡುತ್ತಾರೆ, ಗುರಿಯೊಳಗೆ ಹೊಕ್ಕು ಮತ್ತೆ ಹೊರಗೆ ಜಾರುತ್ತಾರೆ ಎಂಬುದನ್ನು ತೋರಿಸಿದೆ. ಪುಟ್ಟಿಯ ಬಾಣವೂ ಹಾಗೆಯೇ ಗುರಿಯ ಸುತ್ತ ಸುಳಿಯುತ್ತಿತ್ತು.

ಮೊದಲ ಆಟವಾಗಿ ಆರಿಸಿಕೊಂಡದ್ದು ಜಿಕಾಂಪ್ರಿ ಎಂಬ ಉಚಿತ ತಂತ್ರಾಂಶದಲ್ಲಿನ ಅಳಿಸುವ ಆಟ. ಎರಡರಿಂದ ಹತ್ತು ವರ್ಷದ ಮಕ್ಕಳಿಗೆಂದು ಫ್ರಾನ್ಸಿನಲ್ಲಿ 2000ದಲ್ಲಿ ಆರಂಭವಾದ ಈ ತಂತ್ರಾಂಶದಲ್ಲಿ ಜಾಹೀರಾತಿಲ್ಲ, ಒಮ್ಮೆ ಹಾಕಿಕೊಂಡ ಮೇಲೆ ಆಡುವುದಕ್ಕೆ ಇಂಟರ್‌ನೆಟ್ಟೂ ಬೇಕಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಬಂದುಹೋಗುವ ನಮ್ಮ ಊರುಗಳಿಗೆ ಇದು ದೊಡ್ಡ ಅನುಕೂಲ. ಈ ಆಟದಲ್ಲಿ ಚಿತ್ರವೊಂದರ ಮೇಲೆ ಚೌಕಗಳು ಮುಚ್ಚಿರುತ್ತವೆ, ಬಾಣ ಅವುಗಳ ಮೇಲೆ ಹಾದುಹೋದರೆ ಸಾಕು, ಚೌಕ ಮಾಯವಾಗುತ್ತದೆ. ಒತ್ತಬೇಕಾದ್ದಿಲ್ಲ, ತಪ್ಪೆಂಬುದಿಲ್ಲ, ಸಮಯದ ಮಿತಿಯಿಲ್ಲ, ಕೈ ಎಲ್ಲಿಗೆ ಹೋದರೂ ಏನಾದರೊಂದು ತೆರೆದುಕೊಳ್ಳುತ್ತದೆ. ಪುಟ್ಟಿ ಮೊದಮೊದಲು ಮೌಸನ್ನು ಒಟ್ಟಾರೆ ಉಜ್ಜಿದಳು, ಚೌಕಗಳು ಹೋದವು, ಖುಷಿಪಟ್ಟಳು. ಆದರೆ ಮೂಲೆಯಲ್ಲಿ ಉಳಿದ ಒಂದೆರಡು ಚೌಕಗಳು ಉಜ್ಜಾಟಕ್ಕೆ ಸಿಗಲಿಲ್ಲ. ಅಲ್ಲಿಂದಲೇ ನಿಜವಾದ ಕಲಿಕೆ ಶುರುವಾಯಿತು, ಏಕೆಂದರೆ ಮೂಲೆ ತಲುಪಬೇಕಾದರೆ ಬಾಣ ಈಗ ಎಲ್ಲಿದೆ ಎಂದು ನೋಡಿ, ಕೈಯನ್ನು ಬೇಕೆಂದೇ ಒಂದು ದಿಕ್ಕಿಗೆ ಒಯ್ಯಬೇಕು.

ಮೂಲೆಯ ಚೌಕವೇ ಇನ್ನೊಂದು ಕಷ್ಟವನ್ನೂ ಮುಂದೆ ತಂದಿತು. ಕೈ ರಟ್ಟಿನ ಅಂಚಿಗೆ ಬಂದಿತ್ತು, ಬಾಣ ಇನ್ನೂ ನಡುವಿನಲ್ಲೇ ಇತ್ತು. "ಎಂತಕೆ ಮುಂದೆ ಹೋಗ್ತಿಲ್ಲ ಅತ್ತೆ?" ಎಂದು ಪುಟ್ಟಿ ಕೇಳಿದಾಗ, ಎತ್ತಿದರೆ ಅದಕ್ಕೆ ಕಾಣುವುದಿಲ್ಲ ಎಂದು ಅವಳೇ ಹೇಳಿದ್ದನ್ನು ನೆನಪಿಸಿದೆ. ಮೌಸನ್ನು ಎತ್ತಿ, ಬಾಣ ಕದಲದಿರುವುದನ್ನು ನೋಡಿ, ರಟ್ಟಿನ ನಡುವೆ ಇಳಿಸಿ ಮತ್ತೆ ತಳ್ಳಿದಳು. ಈ ಎತ್ತಿ ಇಡುವ ಉಪಾಯ ಅನೇಕ ದೊಡ್ಡವರಿಗೂ ಹೇಳಿಕೊಡದೆ ಬರುವುದಿಲ್ಲ. ಬಾಣದ ವೇಗವನ್ನು ತಗ್ಗಿಸಿದ ಮನೆಯಲ್ಲಂತೂ ಇದನ್ನು ಮೊದಲ ದಿನಗಳಲ್ಲೇ ಕಲಿಸುವುದು ಅನಿವಾರ್ಯ.

ಉಜ್ಜಾಟ ನಿಂತು ದಿಕ್ಕು ಸಿಕ್ಕ ಮೇಲೆ ಅದೇ ತಂತ್ರಾಂಶದ ನೀರಿನ ಪೈಪಿನ ಆಟಕ್ಕೆ ಹೋದೆವು. ಅಂಕುಡೊಂಕಾದ ಪೈಪಿನೊಳಗೆ ನೀರು ಸಿಕ್ಕಿಕೊಂಡಿರುತ್ತದೆ, ಕೆಂಪು ಭಾಗದ ಮೇಲೆ ಬಾಣವನ್ನಿಟ್ಟು ಪೈಪಿನ ಗುಂಟ ಒಯ್ದರೆ ನೀರು ಮುಂದೆ ಸಾಗುತ್ತದೆ, ಬಾಣ ಪೈಪಿನಿಂದ ಜಾರಿದರೆ ಹಿಂದಕ್ಕೆ ಸರಿಯುತ್ತದೆ. ಇಲ್ಲಿಯೂ ಕ್ಲಿಕ್ ಇಲ್ಲ, ಆದರೆ ನಿಧಾನ ಬೇಕು. ಬೇಸಿಗೆಯಲ್ಲಿ ಅಜ್ಜನ ಹಿಂದೆ ತೋಟಕ್ಕೆ ಹೋಗಿ ಪೈಪು ತಿರುಗಿಸುವುದನ್ನು ನೋಡಿದ್ದ ಮಗುವಿಗೆ ನೀರು ನಿಲ್ಲುವುದೂ ಹರಿಯುವುದೂ ಅರ್ಥವಾಗುವ ಸಂಗತಿಯಾಗಿತ್ತು. ಅವಳು ನಾಲಗೆ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ತಿರುವಿನಲ್ಲಿ ಕೈ ನಿಲ್ಲಿಸಿ ಮುಂದುವರಿಯುವುದನ್ನು ಕಲಿತದ್ದು ಈ ಆಟದಲ್ಲಿ.

ಈ ಹಂತದಲ್ಲಿ ದೊಡ್ಡವರನ್ನು ತಡೆಯುವುದೇ ಹೆಚ್ಚಿನ ಕೆಲಸವಾಗಿತ್ತು. ಅಣ್ಣ ಬಂದವರೇ ಪುಟ್ಟಿಯ ಕೈಯ ಮೇಲೆ ತಮ್ಮ ಕೈಯಿಟ್ಟು "ಹಿಂಗೆ, ಹಿಂಗೆ" ಎಂದು ಬಾಣವನ್ನು ತಾವೇ ಒಯ್ಯುತ್ತಿದ್ದರು. ಅಕ್ಷರ ತಿದ್ದಿಸುವಾಗ ಮಗುವಿನ ಕೈ ಹಿಡಿಯುವ ರೂಢಿ ನಮ್ಮಲ್ಲಿದೆ, ಅದರಿಂದ ಬಂದ ಅಭ್ಯಾಸ ಇದು. ಆದರೆ ಮೌಸಿನಲ್ಲಿ ಮಗು ಕಂಡುಕೊಳ್ಳಬೇಕಾದದ್ದು ತನ್ನ ಕೈ ಎಷ್ಟು ಸರಿದರೆ ಬಾಣ ಎಷ್ಟು ಸರಿಯುತ್ತದೆ ಎಂಬ ಅಳತೆಯನ್ನು. ಇನ್ನೊಬ್ಬರ ಬಲದಿಂದ ಕೈ ಸರಿದಾಗ ಆ ಅಳತೆ ಮಗುವಿಗೆ ದಕ್ಕುವುದಿಲ್ಲ. ಪರದೆಗೆ ಬೆರಳು ತೋರಿಸುವುದನ್ನೂ ಬಿಟ್ಟೆವು, ಏಕೆಂದರೆ ದೊಡ್ಡವರ ಬೆರಳು ಪರದೆಗೆ ಹೋದರೆ ಮಗುವಿನ ಬೆರಳೂ ಹಿಂಬಾಲಿಸುತ್ತದೆ. "ಬಾಣ ಎಲ್ಲಿದೆ? ಎಲ್ಲಿಗೆ ಹೋಗಬೇಕು?" ಎಂಬ ಎರಡು ಪ್ರಶ್ನೆಗಳಷ್ಟೇ ಉಳಿದವು. ಅಣ್ಣ ಒಪ್ಪಿಕೊಂಡು, ಕೈ ಕಟ್ಟಿ ಕೂರುವುದನ್ನು ರೂಢಿಸಿಕೊಂಡರು.

ಕ್ಲಿಕ್ ಮಾಡುವುದು ನಾನು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿತು. ಅಳಿಸುವ ಆಟದಲ್ಲೇ, ಚೌಕದ ಮೇಲೆ ಬಾಣವಿಟ್ಟು ಒತ್ತಿದರೆ ಮಾತ್ರ ಅದು ಹೋಗುವ ಇನ್ನೊಂದು ಬಗೆಯಿದೆ. ಚಿತ್ರ ತೆರೆಯುವ ಪರಿಚಿತ ಸಂತೋಷ ಅದೇ, ಹೊಸದಾಗಿ ಸೇರಿದ್ದು ಒತ್ತುವುದೊಂದೇ. ಪುಟ್ಟಿಯ ಬಾಣ ಚೌಕದ ಮೇಲೆ ಸರಿಯಾಗಿ ನಿಲ್ಲುತ್ತಿತ್ತು. ಒತ್ತುವಾಗ ಮಾತ್ರ ತೋರುಬೆರಳಿನ ಜೊತೆ ಉಳಿದ ಬೆರಳುಗಳೂ ಮಣಿಕಟ್ಟೂ ಭುಜವೂ ಸೇರಿಕೊಂಡು, ಮೌಸು ಮುಂದಕ್ಕೆ ಜಾರಿ, ಬಾಣ ಪಕ್ಕದ ಚೌಕಕ್ಕೆ ಹೋಗುತ್ತಿತ್ತು. ಒಮ್ಮೊಮ್ಮೆ ಎಡಗೈಯನ್ನೂ ತಂದು, ಬಲಗೈಯಿಂದ ಮೌಸು ಹಿಡಿದು ಎಡಗೈ ಬೆರಳಿನಿಂದ ಗುಂಡಿ ಒತ್ತುತ್ತಿದ್ದಳು. ಅದನ್ನು ನಾವು ತಡೆಯಲಿಲ್ಲ. ಎರಡು ಕ್ರಿಯೆಗಳನ್ನು ಎರಡು ಕೈಗೆ ಹಂಚಿಕೊಂಡದ್ದು ಮಗು ತಾನೇ ಕಂಡುಕೊಂಡ ದಾರಿ, ಮತ್ತು ಒಂದು ಬೆರಳು ಬೇರೆಯಾಗಿ ದುಡಿಯುವ ಶಕ್ತಿ ಬಂದೊಡನೆ ಎಡಗೈ ತಾನಾಗಿ ಹಿಂದೆ ಸರಿಯಿತು.

ಆ ಶಕ್ತಿ ಬರಿಯ ಕಂಪ್ಯೂಟರಿನ ಮುಂದೆ ಕೂತು ಬಂದದ್ದಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಆಷಾಢದ ಜಡಿಮಳೆಯಲ್ಲಿ ಅಂಗಳಕ್ಕೆ ಇಳಿಯಲಾಗದ ದಿನಗಳಲ್ಲಿ ನನ್ನ ಅಮ್ಮ ಅಳಗುಳಿ ಮಣೆಯನ್ನು ಕೆಳಗಿಳಿಸಿದ್ದರು. ಮುಷ್ಟಿಯಲ್ಲಿ ಹಿಡಿದ ಕಾಳುಗಳಲ್ಲಿ ಒಂದೊಂದನ್ನೇ ಗುಳಿಗೆ ಬಿಡುತ್ತಾ ಹೋಗಬೇಕಾದರೆ ನಾಲ್ಕು ಬೆರಳು ಕಾಳನ್ನು ಬಿಗಿಯಾಗಿ ಕಾಯಬೇಕು, ಒಂದು ಬೆರಳು ಮಾತ್ರ ಸಡಿಲಬೇಕು. ಮೊದಲು ಎರಡು ಮೂರು ಕಾಳು ಒಟ್ಟಿಗೆ ಬೀಳಿಸುತ್ತಿದ್ದ ಪುಟ್ಟಿ ಒಂದೊಂದೇ ಬಿಡುವಂತಾದದ್ದಕ್ಕೂ, ಮೌಸು ಜಾರಿಸದೆ ಒತ್ತುವಂತಾದದ್ದಕ್ಕೂ ಅತ್ತಿಗೆಯ ಟಿಪ್ಪಣಿಯಲ್ಲಿ ಹೆಚ್ಚಿನ ಅಂತರವಿಲ್ಲ. ಒಂದರಿಂದಲೇ ಇನ್ನೊಂದು ಬಂತೆಂದು ಒಂದೇ ಮಗುವನ್ನು ನೋಡಿ ಹೇಳಲಾಗದು. ಆದರೂ ಮೌಸು ಕಲಿಸಬೇಕೆನ್ನುವ ಯಾವ ತಂದೆತಾಯಿಗೂ ಮೊದಲು ಇಂಥ ಕೈಯಾಟಗಳನ್ನು ಆಡಿಸಿ ಎಂದೇ ಹೇಳುತ್ತೇನೆ.

ನಿಂತ ಚೌಕಗಳು ಸುಲಭವಾದ ಮೇಲೆ ಈಜುವ ಮೀನುಗಳನ್ನು ಕ್ಲಿಕ್ ಮಾಡಿ ಹಿಡಿಯುವ ಆಟ ಬಂತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಪುಟ್ಟಿಗೆ ಅದು ಬಹಳ ಇಷ್ಟವಾಯಿತು. ಮೀನಿನ ಹಿಂದೆ ಓಡದೆ ಅದು ಬರುವ ದಾರಿಯಲ್ಲಿ ಬಾಣವಿಟ್ಟು ಕಾಯುವುದನ್ನು ಯಾರೂ ಹೇಳಿಕೊಡದೆ ಕಲಿತಳು. ಕರೆಂಟು ಹೋಗುವುದು ಮಳೆಗಾಲದ ನಿತ್ಯದ ಮಾತಾದ್ದರಿಂದ, ಯುಪಿಎಸ್ ಕೂಗಿದೊಡನೆ ಆಟ ಮುಗಿಯಿತು ಎಂಬ ನಿಯಮ ಮಾಡಿದ್ದೆವು. ತನ್ನ ಅಮ್ಮ ಹೇಳಿದರೆ ಅಳುತ್ತಿದ್ದ ಮಗು ಯುಪಿಎಸ್ ಹೇಳಿದರೆ ಅಳದೆ ಏಳುತ್ತಿತ್ತು.

ಒತ್ತಿ ಹಿಡಿದೇ ಎಳೆಯುವುದು ಕೊನೆಗೆ ಉಳಿಯಿತು, ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಶಾಲಾ ವಯಸ್ಸಿನ ಮಕ್ಕಳಲ್ಲಿ ಸಹ, ಎಳೆದು ಬಿಡುವುದಕ್ಕಿಂತ ಒಮ್ಮೆ ಕ್ಲಿಕ್ ಮಾಡಿ ಎತ್ತಿ ಇನ್ನೊಮ್ಮೆ ಕ್ಲಿಕ್ ಮಾಡಿ ಇಳಿಸುವುದು ಬೇಗವಾಗುತ್ತದೆ, ತಪ್ಪೂ ಕಡಿಮೆ ಎಂದು ಕೋರಿ ಇಂಕ್‌ಪೆನ್ 2001ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುತ್ತದೆ. ಬೆರಳು ಬಿಗಿಯಾಗಿದ್ದಾಗಲೇ ಕೈ ಸಡಿಲವಾಗಿ ಸರಿಯಬೇಕಾದ ಈ ಕ್ರಿಯೆಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆವು. ಬಿಲ್ ಕೆಂಡ್ರಿಕ್ 2002ರಲ್ಲಿ ಆರಂಭಿಸಿದ ಇದರಲ್ಲಿ ಪರದೆ ತುಂಬ ಹಾಳೆ, ಬದಿಯಲ್ಲಿ ದೊಡ್ಡ ಗುಂಡಿಗಳು, ಮತ್ತು ಮೌಸಿನ ಯಾವ ಗುಂಡಿ ಒತ್ತಿದರೂ ಒಂದೇ ಫಲ. ಬೆರಳು ತಪ್ಪಿ ಬಲಗುಂಡಿಗೆ ಹೋದರೂ ಕೆಲಸ ಕೆಡುವುದಿಲ್ಲ. ಮೊದಲು ಒಂದೇ ಕ್ಲಿಕ್ಕಿಗೆ ಚಿತ್ರ ಮೂಡಿಸುವ ಠಸ್ಸೆಗಳು, ಆಮೇಲೆ ಕುಂಚ. ಇಲ್ಲಿ ಎಳೆತ ತುಂಡಾದರೆ ಸೋಲೆಂಬುದಿಲ್ಲ, ಗೆರೆ ತುಂಡಾಗುತ್ತದೆ ಅಷ್ಟೆ, ಅಲ್ಲಿಂದಲೇ ಮುಂದುವರಿಸಬಹುದು.

ಭೂಮಿ ಹುಣ್ಣಿಮೆ ಹತ್ತಿರವಾದಂತೆ ನನ್ನ ಅಮ್ಮ, ಹಬ್ಬದ ಎಡೆಯನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಎಳೆಗಳನ್ನು ಎಳೆಯತೊಡಗಿದರು. ಮಲೆನಾಡಿನ ದೀವರ ಸಮುದಾಯದ ಮನೆಗಳಲ್ಲಿ ಚಿತ್ತಾರವೆಂದರೆ ಎಳೆಯೇ. ಎಳೆ ಕೊಂಕಿದರೆ ಅಮ್ಮ ಅದನ್ನು ಹಾಗೆಯೇ ಬಿಡುವವರಲ್ಲ. ಪುಟ್ಟಿ ಬುಟ್ಟಿಯ ಪಕ್ಕ ಕೂತು ನೋಡಿ ಬಂದು, ಟಕ್ಸ್ ಪೇಂಟಿನಲ್ಲಿ ನೆಲಕ್ಕೆ ಕೆಮ್ಮಣ್ಣಿನ ಬಣ್ಣ ಬೇಕೆಂದು ಹಟ ಹಿಡಿದಳು. ಅದರಲ್ಲಿ ಒತ್ತಿದಲ್ಲಿಂದ ಬಿಟ್ಟಲ್ಲಿಗೆ ನೇರ ಗೆರೆ ಎಳೆಯುವ ಸಲಕರಣೆಯೊಂದಿದೆ. ಒತ್ತಿ, ಬೆರಳೆತ್ತದೆ ಎಳೆದು, ಬೇಕಾದಲ್ಲಿ ಬಿಡಬೇಕು; ಬೇಗ ಬಿಟ್ಟರೆ ಗೆರೆ ಗಿಡ್ಡವಾಗುತ್ತದೆ. ಬಿಳಿ ಗೆರೆಗಳನ್ನು ಒಂದರ ಪಕ್ಕ ಒಂದು, ಆಮೇಲೆ ಅವುಗಳ ಮೇಲೆ ಅಡ್ಡ ಎಳೆದು, ನನ್ನ ಅಮ್ಮನನ್ನು ಕರೆದು ತೋರಿಸಿದಳು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಈ ಎಳೆ ಆ ಎಳೆಗೆ ಮುಟ್ಟಿಲ್ಲ ನೋಡು" ಎಂದರು. ಪುಟ್ಟಿ ಮುಟ್ಟಿಸಿದಳು. ನಾಲ್ಕೂವರೆ ವರ್ಷದ ಮಗು ತಾನೇ ಗುರುತಿಸಿದ ಬಿಂದುವಿನಿಂದ ಇನ್ನೊಂದು ಬಿಂದುವಿನವರೆಗೆ ಬೆರಳು ಸಡಿಲಿಸದೆ ಎಳೆದು ನಿಖರವಾಗಿ ಬಿಟ್ಟದ್ದನ್ನು ನಾನು ಈ ಪ್ರಕರಣದ ಮುಖ್ಯ ಫಲಿತವೆಂದು ಪರಿಗಣಿಸುತ್ತೇನೆ.

ಈಗ ಪುಟ್ಟಿ ಬೇಕಾದ ಆಟವನ್ನು ತಾನೇ ತೆರೆದು, ಮುಗಿದ ಮೇಲೆ ತಾನೇ ಮುಚ್ಚುತ್ತಾಳೆ. ಕಂಪ್ಯೂಟರಿನ ಮೇಜಿಗೆ ಬಂದಾಗ ಪರದೆ ಮುಟ್ಟುವುದಿಲ್ಲ, ಫೋನಿನಲ್ಲಿ ಮುಟ್ಟುತ್ತಾಳೆ; ಎರಡು ಸಾಧನಗಳಿಗೆ ಎರಡು ಕ್ರಮ ಎಂಬುದು ಅವಳಿಗೆ ಗೊಂದಲವಾಗಿಲ್ಲ. ಡಬಲ್ ಕ್ಲಿಕ್ಕನ್ನು ನಾವು ಕಲಿಸಲಿಲ್ಲ. ಎರಡು ಒತ್ತುಗಳ ನಡುವೆ ಮೌಸು ಕದಲಬಾರದು, ಹೊತ್ತೂ ಹೆಚ್ಚು ಹೋಗಬಾರದು ಎಂಬ ಎರಡು ಬೇಡಿಕೆಗಳು ಈ ವಯಸ್ಸಿನ ಬೆರಳಿಗೆ ಹೆಚ್ಚಾದವು. ಐಕಾನನ್ನು ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಸೆಟ್ಟಿಂಗ್ ಬದಲಿಸಿದರೆ ಅದರ ಅಗತ್ಯವೇ ಇರುವುದಿಲ್ಲ. ಬಲಗುಂಡಿ ಮತ್ತು ಕೀಲಿಮಣೆಯನ್ನು ಒಂದನೆಯ ತರಗತಿಗೆ ಸೇರಿದ ಮೇಲೆ ನೋಡೋಣವೆಂದು ಅತ್ತಿಗೆ ಹೇಳಿದ್ದಾರೆ, ನನಗೂ ಅದೇ ಸರಿಯೆನಿಸುತ್ತದೆ. ಬಾಣದ ವೇಗವನ್ನು ದಸರಾ ರಜೆಯಲ್ಲಿ ಒಂದು ಹಂತ ಏರಿಸಿದೆವು. ಹೊಸ ವೇಗಕ್ಕೆ ಕೈ ಹೊಂದಿಕೊಳ್ಳಲು ಪುಟ್ಟಿ ಮತ್ತೆ ಅಳಿಸುವ ಆಟವನ್ನೇ ಕೇಳಿ ಆಡಿದಳು.